ಮುಯ್ಯಿ ಶಾವಿಗೆ

ಹುಕ್ಕೇರಿ
18 ಫೆಬ್ರುವರಿ 2024

ಅವ್ವನಿಗೆ ಶರಣು.

ನಿನ್ನೆ ಗೋಕಾಕದಲ್ಲಿ ಬಸ್ಸು ಹತ್ತಿದವಳು ಮನೆ ಮುಟ್ಟುವವರೆಗೂ ನಿನ್ನ ಮೇಲೆ ಸಿಟ್ಟಿನಲ್ಲೇ ಇದ್ದೆ. ಕಿವಿ ಡಾಕ್ಟರ ಮುಂದೆ ಕುಳಿತು, “ನನಗ ಎಲ್ಲಾ ಕೇಳತೈತ್ರಿ, ಈಕೀದು ಸುಮ್ಮ ಹುಚ್ಚ” ಎಂದೆ. ಅವರು ನಿನ್ನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರು. ನೀನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದೆ.

ಫೋನಿನಲ್ಲಿ ನಿನಗೆ ಏನು ಹೇಳಿದರೂ “ಹೂಂ, ಆರಾಮದೀನಿ” ಎನ್ನುತ್ತೀ. ಏಳನೆಯ ಇಯತ್ತೆ ಓದಿದವಳಲ್ಲವೇ, ಅದಕ್ಕೇ ಬರೆಯುತ್ತಿದ್ದೇನೆ. ಎರಡೂ ಕಿವಿಗೆ ಮಷಿನ್ ಹಾಕಬೇಕು, ಅದೂ ಒಂದು ವರ್ಷದೊಳಗೆ. ತಡ ಮಾಡಿದರೆ ಮುಂದೆ ಮಷಿನ್ ಹಾಕಿದರೂ ಸಪ್ಪಳ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎಂದಿದ್ದಾರೆ. ಅಷ್ಟು ರೊಕ್ಕ ನಮ್ಮ ಯಾರಲ್ಲಿಯೂ ಇಲ್ಲ. ಅಣ್ಣನಿಗೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಪಗಾರ ನಿನಗೆ ಗೊತ್ತು, ನಮ್ಮವರಿಗೆ ಬಟ್ಟೆ ಅಂಗಡಿಯಲ್ಲಿ ಸಿಗುವುದು ನನಗೆ ಗೊತ್ತು.

ಪಿಯುಸಿ ಫೇಲಾದ ನನಗೆ ನೌಕರಿ ಯಾರು ಕೊಡುತ್ತಾರೆ? ಬಾಡಿಗೆ ಗಾಡಿ ಓಡಿಸೋಣವೆಂದರೆ ನಮ್ಮ ಮನೆಯಲ್ಲಿರುವುದು ಒಂದು ಸೈಕಲ್ಲು, ಅದಕ್ಕೂ ಗಾಳಿಯಿಲ್ಲ. ಆದರೆ ಎರಡು ಕೈ ಇವೆ, ಬಿಸಿಲು ಬೀಳುವ ಮಾಳಿಗೆ ಇದೆ, ನೀನು ಕೊಟ್ಟ ಶಾವಿಗೆ ಮಣೆ ಇದೆ. ನಿನ್ನನ್ನು ಮೂಡಲಗಿ ಬಸ್ಸಿಗೆ ಹತ್ತಿಸಿ, ಒಂದು ಕರದಂಟಿನ ಅಂಗಡಿಗೆ ಹೋಗಿ ಕೇಳಿದೆ. ಮಣೆಯ ಮೇಲೆ ಕೈಯಿಂದ ಹೊಸೆದ ಶಾವಿಗೆಯಾದರೆ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತಾರಂತೆ. ನಾನು ಮಾಡುತ್ತೇನೆ. ನೀನು ಬೇಡವೆಂದು ಬರೆಯುವುದಾದರೆ ಕಾಗದ ಹಾಳು ಮಾಡಬೇಡ.

ನಿನ್ನ ಹಟಮಾರಿ ಮಗಳು
ದಾನೇಶ್ವರಿ


ಮೂಡಲಗಿ
27 ಫೆಬ್ರುವರಿ 2024

ದಾನಿ,

ನನ್ನ ಹೆಸರಿಗೆ ಪತ್ರ ಬಂದದ್ದು ನೋಡಿ ಪೋಸ್ಟಿನವನೇ ಗಾಬರಿಯಾಗಿದ್ದ. ಯಾವ ಬ್ಯಾಂಕಿನ ನೋಟಿಸು ಎಂದು ನಿಮ್ಮಣ್ಣ ಈಶ್ವರನನ್ನು ಕೇಳಿದನಂತೆ. ಕಾಗದ ಹಾಳು ಮಾಡಿಯೇ ಮಾಡುತ್ತೇನೆ. ಮಷಿನ್ ನನಗೆ ಬೇಡ. ನಿಮ್ಮಪ್ಪನ ಮಾತು, ಅತ್ತೆಯ ಮಾತು, ಓಣಿಯ ಮಾತು ಎಲ್ಲ ಕೇಳಿ ಮುಗಿಸಿದ್ದೇನೆ. ಇನ್ನೇನು ಉಳಿದಿದೆ ಕೇಳುವುದಕ್ಕೆ?

ಇಲ್ಲಿ ನನಗೆ ಕೂತು ಬೇಸರ ಪಡುವ ಪುರುಸೊತ್ತೂ ಇಲ್ಲ. ಮೊನ್ನೆ ಬಾಜೂ ಮನೆಯ ಅಲ್ಲವ್ವ ಸಂಡಿಗೆ ಹಾಕಿದಳು, ಬರುವ ವಾರ ಅವಳದೇ ಶಾವಿಗೆ. ಕಾಶೆವ್ವ ಇಲ್ಲದಿದ್ದರೆ ಕಣಕ ಹದಕ್ಕೆ ಬರುವುದಿಲ್ಲ ಎಂದು ಬಂದು ಎಳೆದುಕೊಂಡೇ ಹೋಗುತ್ತಾರೆ. ಸೊಸೆ ಲಕ್ಷ್ಮೀ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ನನ್ನ ಚಿಂತೆ ಬಿಡು.

ಮಾಡಲೇಬೇಕೆಂದು ಕುಳಿತಿದ್ದರೆ ಜವೆ ಗೋದಿಯನ್ನೇ ತೆಗೆದುಕೊ, ಬೇರೆಯದರಲ್ಲಿ ಎಳೆ ಹರಿಯುತ್ತದೆ. ಕಣಕವನ್ನು ಚೆನ್ನಾಗಿ ಕುಟ್ಟಬೇಕು, ನಿನ್ನ ಹಾಗೆ ಅರ್ಧಕ್ಕೆ ಬಿಟ್ಟು ಚಹಾ ಕುಡಿಯಬಾರದು. ಮಣೆಯ ಮೇಲೆ ಒಬ್ಬಳು ಹೊಸೆಯಬೇಕು, ಕೆಳಗೆ ಒಬ್ಬಳು ಎಳೆ ಹಿಡಿಯಬೇಕು, ಇನ್ನೊಬ್ಬಳು ಕೋಲಿಗೆ ಹಾಕಿ ಒಣಗಿಸಬೇಕು. ಅಂಗಡಿಗೆ ಸಾಲುವಷ್ಟು ಶಾವಿಗೆಗೆ ಅಷ್ಟು ಕೈ ಎಲ್ಲಿಂದ ತರುತ್ತೀ?

ಹಡೆದವಳು
ಕಾಶೆವ್ವ


ಹುಕ್ಕೇರಿ
20 ಮಾರ್ಚ್ 2024

ಅವ್ವ,

ಕೈ ಎಲ್ಲಿಂದ ತರುತ್ತೀ ಎಂದೆಯಲ್ಲ, ತಂದೇಬಿಟ್ಟೆ! ನಿಮ್ಮಲ್ಲಿಯಂತೆ ನಮ್ಮ ಓಣಿಯಲ್ಲಿಯೂ ಮುಯ್ಯಿ ಇದೆ. ಬೇಸಿಗೆಯಲ್ಲಿ ಎಲ್ಲರೂ ಕೂಡಿ ಇವತ್ತು ಒಬ್ಬರ ಮನೆಯ ಶಾವಿಗೆ ಮಾಡುವುದು, ನಾಳೆ ಇನ್ನೊಬ್ಬರ ಮನೆಯದು. ಕೂಲಿಯಿಲ್ಲ, ಚಹಾ ಮತ್ತು ಊಟ ಅಷ್ಟೇ. ಈ ಸಲ ಮೊದಲ ಸರದಿ ನನಗೆ ಕೊಡಿ ಎಂದೆ. ಎದುರು ಮನೆಯ ಬಾಳವ್ವ ಕಾಕಿ ಹೂಂ ಎಂದಳು. ಆಕೆ ಹೂಂ ಎಂದರೆ ಇಡೀ ಓಣಿ ಹೂಂ ಎಂದಂತೆಯೇ. ಐದು ಜನ ಬಂದರು. ಓಣಿಗೆ ಹೊಸದಾಗಿ ಬಂದ ಸೊಸೆ ಕಾಜಲ್ ಹಾಡಿದ್ದೇ ಹಾಡಿದ್ದು. ಮಾಳಿಗೆಯ ತುಂಬ ಶಾವಿಗೆಯ ಕೋಲು.

ಮಧ್ಯಾಹ್ನ ಬಾಳವ್ವ ಕಾಕಿ, “ಯಾರ ಮದುವಿ ಐತಿ ದಾನಿ? ಇಷ್ಟ ಶಾವಿಗಿ ಊರ ಉಣ್ಣಬೇಕೇನ?” ಎಂದಳು. “ಬೇಕಾಗತಾವ ಬಿಡ್ರಿ ಕಾಕಿ” ಎಂದು ನಕ್ಕೆ.

ಮರುವಾರ ಅಂಗಡಿಯವರ ಟೆಂಪೊ ಬಂದು ಎಲ್ಲ ಒಯ್ದಿತು. ರೊಕ್ಕವನ್ನು ನನ್ನ ಕೈಗೇ ಕೊಟ್ಟರು, ಮನೆಯವರ ಕೈಗಲ್ಲ. ಅವ್ವ, ಎಷ್ಟು ಖುಷಿಯಾಯಿತೆಂದರೆ ಒಳಗೆ ಹೋಗಿ ಅತ್ತುಬಿಟ್ಟೆ. ಇನ್ನೊಂದು ಸಲ ಇಂಥದೇ ಮಾಲು ಕೊಟ್ಟರೆ ನಿನ್ನ ಒಂದು ಕಿವಿ, ಮತ್ತೆರಡು ಸಲ ಕೊಟ್ಟರೆ ಎರಡೂ ಕಿವಿ! ಮಳೆಗಾಲದೊಳಗೆ ಮಾಡಿ ಮುಗಿಸುತ್ತೇನೆ.

ನಿನ್ನ ಗಳಿಸುವ ಮಗಳು
ದಾನಿ


ಮೂಡಲಗಿ
26 ಮಾರ್ಚ್ 2024

ದಾನಿ,

ನಿನ್ನ ಪತ್ರವನ್ನು ಓದಿ, ಮತ್ತೆ ಓದಿದೆ. ಶಾವಿಗೆ ಮಾರುವುದಕ್ಕೆಂದು ಅವರಿಗೆ ಮೊದಲೇ ಹೇಳಿದ್ದೆಯೋ ಇಲ್ಲವೋ? ಅದನ್ನು ನೀನು ಬರೆದಿಲ್ಲ. ಬರೆದಿಲ್ಲವೆಂದರೆ ಹೇಳಿಲ್ಲ. ನಿನ್ನನ್ನು ಹಡೆದವಳು ನಾನು.

ಮುಯ್ಯಿಗೆ ಬಂದವರು ನಿನ್ನ ಮನೆಯವರ ಬಾಯಿಗೆಂದು ದುಡಿಯುತ್ತಾರೆ, ಅಂಗಡಿಯ ತಕ್ಕಡಿಗಲ್ಲ. ಟೆಂಪೊ ಬಂದು ನಿಂತದ್ದನ್ನು ಬಾಳವ್ವ ನೋಡಿರುವುದಿಲ್ಲವೇ? ಈಗಲೇ ಹೋಗಿ ತಪ್ಪಾಯಿತೆಂದು ಹೇಳು. ಅವರ ಮನೆಯ ಸರದಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂಡು. ರೊಕ್ಕದ ಸುದ್ದಿ ಮಾತ್ರ ತೆಗೆಯಬೇಡ.

ಅವ್ವ


ಹುಕ್ಕೇರಿ
12 ಏಪ್ರಿಲ್ 2024

ಅವ್ವ,

ನಿನ್ನ ಪತ್ರ ಮುಟ್ಟುವ ಹೊತ್ತಿಗೆ ನಾನು ರೊಕ್ಕದ ಸುದ್ದಿ ತೆಗೆದಾಗಿತ್ತು.

ಟೆಂಪೊ ಹೋದ ದಿನದಿಂದ ಯಾರೂ ನನ್ನ ಹತ್ತಿರ ನೆಟ್ಟಗೆ ಮಾತನಾಡಲಿಲ್ಲ. ನಳದ ಹತ್ತಿರ ಹೋದರೆ ಎಲ್ಲರಿಗೂ ಏಕದಮ್ ಕೆಲಸ ನೆನಪಾಗುತ್ತಿತ್ತು. ಬಿಟ್ಟಿ ದುಡಿಸಿಕೊಂಡಳು ಎನ್ನುತ್ತಾರೇನೋ ಎಂದು ಹೆದರಿ, ಐದೂ ಮನೆಗೆ ಹೋಗಿ ಅರಿಷಿಣ ಕುಂಕುಮ ಕೊಟ್ಟು, ಕುಬಸದ ಕಣದ ಬಟ್ಟೆಯೊಳಗೆ ಕೂಲಿಯ ರೊಕ್ಕ ಇಟ್ಟು ಉಡಿಗೆ ಹಾಕಿ ಬಂದೆ. ನ್ಯಾಯವಾಗಿಯೇ ಮಾಡಿದೆ ಎಂದುಕೊಂಡಿದ್ದೆ.

ಸಂಜೆ ಬಾಳವ್ವ ಕಾಕಿ ಬಂದಳು. ಹಿಂದೆ ಉಳಿದವರು. ಕಣ ಇಟ್ಟುಕೊಂಡಿದ್ದರು, ರೊಕ್ಕ ಕಟ್ಟೆಯ ಮೇಲೆ ಇಟ್ಟರು.

“ಮೊದಲ ಹೇಳಿದ್ದರ ನಾವ ಬರತಿದ್ದಿಲ್ಲೇನು? ನಮ್ಮನ್ನ ಮನಿಯವರು ಅಂತ ಕರದಿ, ಕೂಲ್ಯಾರನ್ನ ಮಾಡಿ ಕಳಿಸಿದಿ. ನಾವು ಬಂದದ್ದು ನಿನ್ನ ಮನಿಗಿ, ನಿನ್ನ ಅಂಗಡಿಗಲ್ಲ.”

“ತಪ್ಪಾತ್ರಿ ಕಾಕಿ. ಅವ್ವನ ಕಿವಿ ಸಲುವಾಗಿ ಮಾಡೇನ್ರಿ.”

“ನಿಮ್ಮವ್ವನ ಕಿವಿ ಅಂತ ಬಾಯಿ ಬಿಟ್ಟ ಹೇಳಾಕ ನಿನಗೇನ ಧಾಡಿಯಾಗಿತ್ತು?”

ನಾಚಿಕೆಯಾಗುತ್ತಿತ್ತು ಅವ್ವ, ಅಷ್ಟೇ. ಕಿವಿ ಮಷಿನ್ ತರುವ ಶಕ್ತಿಯಿಲ್ಲದವರು ಎಂದು ಓಣಿಗೆ ತಿಳಿಯಬಾರದು ಎಂದುಕೊಂಡಿದ್ದೆ.

ಈಗ ಅವರ ಮನೆಗಳ ಸಂಡಿಗೆ ನಡೆದಿದೆ, ಅದು ಮುಗಿದ ಮೇಲೆ ಶಾವಿಗೆ. ನನ್ನನ್ನು ಯಾರೂ ಕರೆಯುವುದಿಲ್ಲ. ನಮ್ಮ ಮಾಳಿಗೆಯಿಂದ ಅವರ ಮಾಳಿಗೆ ಕಾಣುತ್ತದೆ, ಕಾಜಲ್ ಹಾಡುವುದೂ ಕೇಳುತ್ತದೆ. ಅಂಗಡಿಯವರು ಎರಡನೆಯ ಮಾಲಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನಾನೊಬ್ಬಳೇ ಹೊಸೆದದ್ದು ಒಂದು ಸಣ್ಣ ಡಬ್ಬಿಗೂ ಆಗಲಿಲ್ಲ. ನಮ್ಮವರು, “ಬಿಡ, ಸಾಲ ತಗಿಯೋಣು” ಎನ್ನುತ್ತಾರೆ. ನನಗೆ ಸಾಲದ ಮಷಿನ್ ನಿನ್ನ ಕಿವಿಗೆ ಹಾಕುವ ಮನಸ್ಸಿಲ್ಲ.

ದಾನಿ


ಮೂಡಲಗಿ
18 ಏಪ್ರಿಲ್ 2024

ದಾನಿ,

ಅಳಬೇಡ. ರೊಕ್ಕ ಕೊಟ್ಟರೆ ಮುಯ್ಯಿ ತೀರುವುದಿಲ್ಲ, ಮುರಿಯುತ್ತದೆ. ಕೂಲಿಯವರಿಗೆ ಕೂಲಿ ಕೊಟ್ಟು ಕಳಿಸಿದರೆ ನಾಳೆ ಅವರ ಮನೆಗೆ ನೀನು ಹೋಗುವ ದಾರಿ ಇರುವುದಿಲ್ಲ. ಕೈಗೆ ಕೈಯೇ ಕೊಡಬೇಕು.

ಕರೆಯುವುದಿಲ್ಲ ಎಂದು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದೀಯಾ? ಕರೆಯದಿದ್ದರೂ ಹೋಗಬೇಕು. ನಿನಗೆ ಧೈರ್ಯವಿಲ್ಲ, ಗೊತ್ತು. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ನಾನು ಬರುತ್ತೇನೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಕಂಡಕ್ಟರನ ಮಾತು ಕೇಳುವ ಕೆಲಸವಿಲ್ಲ. ಗೋಕಾಕದಲ್ಲಿ ಬದಲಿಸುವುದೂ ನನಗೆ ಗೊತ್ತು. ಕರೆಯಲು ಬರಬೇಡ.

ಅವ್ವ


ಹುಕ್ಕೇರಿ
9 ಜೂನ್ 2024

ಅವ್ವ,

ನೀನು ಹೋಗಿ ವಾರವಾಯಿತು. ಇಲ್ಲಿ ಮಳೆ ಹಿಡಿದಿದೆ. ನೀನಿದ್ದಾಗ ಬಿಡುವಾಗಲಿಲ್ಲ, ಈಗ ಬರೆಯುತ್ತೇನೆ. ನಿನಗೆ ಕೇಳದೇ ಹೋದ ಮಾತುಗಳನ್ನೇ ಬರೆಯುತ್ತೇನೆ.

ಮೊದಲ ದಿನ ನನ್ನ ಕೈ ಹಿಡಿದು ಬಾಳವ್ವ ಕಾಕಿಯ ಮನೆಗೆ ನುಗ್ಗಿದೆಯಲ್ಲ, ಆಗ ಆಕೆ, “ಇವರನ್ನ ಯಾರ ಕರದಾರ?” ಎಂದಳು. ಜೋರಾಗಿಯೇ ಎಂದಳು. ನೀನು ನಕ್ಕು, “ಹೌದ್ರಿ, ಬಾಳ ಬಿಸಲ” ಎಂದು ಸೆರಗು ಸಿಕ್ಕಿಸಿ ಕಣಕದ ಮುಂದೆ ಕುಳಿತೆ. ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಭೂಮಿಯೊಳಗೆ ಹೋಗುವಂತಾಯಿತು. ನೀನು ಕುಟ್ಟಿ, ನಾದಿ, ಮಣೆ ಹತ್ತಿ ಹೊಸೆಯಲು ಶುರು ಮಾಡಿದ ಮೇಲೆ ಯಾರೂ ನಗಲಿಲ್ಲ. ಊಟದ ಹೊತ್ತಿಗೆ ಬಾಳವ್ವ ಕಾಕಿ ನಿನ್ನ ತಾಟಿಗೆ ತುಪ್ಪ ಸುರಿಯುತ್ತ ನನಗೆ ಹೇಳಿದಳು: “ನಿಮ್ಮವ್ವ ಕಿವುಡಿ ಅಂತ ಹೇಳಿದಿ. ಇಷ್ಟ ಗಟ್ಟಿ ಹೆಣಮಗಳು ಅಂತ ಹೇಳಲಿಲ್ಲ.”

ಆಮೇಲಿನ ನಾಲ್ಕು ಮನೆಗೆ ಅವರೇ ಬಂದು ಕರೆದರು. ಕಾಜಲ್ ನಿನ್ನ ಬಾಜೂ ಕುಳಿತು ನಿನ್ನ ಮೊಣಕಾಲ ಮೇಲೆ ತಾಳ ಹಾಕುತ್ತ ಹಾಡುತ್ತಿದ್ದಳಲ್ಲ, ಅದು ನಿನಗೆ ಹಾಡು ಮುಟ್ಟಲಿ ಎಂದು. ಅವಳೇ ನನಗೆ ಹೇಳಿದಳು.

ಇನ್ನೊಂದು ಮಾತು. ಇಷ್ಟು ದಿನ ಊರು ಬಿಟ್ಟು ಬಂದಿದ್ದಾಳೆ, ಅಲ್ಲಿ ಅಲ್ಲವ್ವನ ಮನೆಯಲ್ಲಿ ಯಾರು ಕಣಕ ನಾದುತ್ತಾರೆ ಎಂದು ಲಕ್ಷ್ಮೀ ವೈನಿಗೆ ಫೋನಿನಲ್ಲಿ ತಮಾಷೆ ಮಾಡಿದೆ. ವೈನಿ ದನಿ ಇಳಿಸಿ, “ಅತ್ತಿಯವರನ್ನ ಓಣ್ಯಾಗ ಮುಯ್ಯಿಗೆ ಕರೆದು ಎರಡ ವರ್ಷ ಆತ್ರಿ” ಎಂದರು.

ಅವ್ವ, ಅಲ್ಲವ್ವನ ಸಂಡಿಗೆ, ಅಲ್ಲವ್ವನ ಶಾವಿಗೆ ಎಂದು ನನಗೆ ಯಾಕೆ ಬರೆದೆ?

ದಾನಿ


ಮೂಡಲಗಿ
2 ಜುಲೈ 2024

ದಾನಿ,

ಲಕ್ಷ್ಮಿಗೆ ಬಾಯಿ ನಿಲ್ಲುವುದಿಲ್ಲ. ಬಯ್ದಿದ್ದೇನೆ.

ಖರೆ ಹೇಳುತ್ತೇನೆ, ಮತ್ತೆ ಕೇಳಬೇಡ. ಯಾರೂ ಜಗಳ ಮಾಡಿಲ್ಲ. ಅವರೊಂದು ಕೇಳಿದರೆ ನಾನೊಂದು ಹೇಳುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಎಲ್ಲವನ್ನೂ ನನ್ನ ಕಿವಿಯ ಹತ್ತಿರ ಬಂದು ಒದರಿ ಹೇಳುವುದು ಅವರಿಗೂ ಸಾಕಾಯಿತು. ಹೆಂಗಸರು ಮುಯ್ಯಿಗೆ ಬರುವುದು ಶಾವಿಗೆಗಷ್ಟೇ ಅಲ್ಲ, ಮಾತಿಗೂ ಬರುತ್ತಾರೆ. ಮೊದಲು ಕರೆಯುವುದು ಮರೆತರು, ಆಮೇಲೆ ಬಿಟ್ಟರು. ನಮ್ಮ ಮನೆಗೆ ಯಾರೂ ಬರುವವರಿಲ್ಲವೆಂದು ಈಶ್ವರ ಪೇಟೆಯಿಂದ ಮಷಿನ್ ಶಾವಿಗೆಯ ಪಾಕೀಟು ತಂದ. ಅದನ್ನು ನಾನು ತಿನ್ನಲಿಲ್ಲ.

ನೀನು ದೂರದಲ್ಲಿದ್ದೀ, ನಿನಗೆ ಹೇಳಿ ಏನು ಮಾಡಲಿ ಎಂದು ಹಾಗೆ ಬರೆದೆ. ಹುಕ್ಕೇರಿಯಲ್ಲಿ ಇದ್ದಷ್ಟು ದಿನ ನನಗೆ ಭಾಳ ಚಲೋ ಅನಿಸಿತು. ಬಾಳವ್ವನಿಗೆ ಶರಣು ಹೇಳು.

ಅವ್ವ


ಮೂಡಲಗಿ
9 ಫೆಬ್ರುವರಿ 2025

ದಾನಿ,

ಎರಡೂ ಕಿವಿಯ ಮಷಿನ್ ಬಂದು ಮೂರು ವಾರವಾಯಿತು. ಗೋಕಾಕದಲ್ಲಿ ಹಾಕಿದ ಕೂಡಲೇ “ಆ ಫ್ಯಾನ್ ಬಂದ್ ಮಾಡ್ರಿ” ಎಂದು ನಾನು ಒದರಿದ್ದಕ್ಕೆ ನೀನೂ ಡಾಕ್ಟರೂ ಎಷ್ಟು ನಕ್ಕಿರಿ! ಈಗ ರೂಢಿಯಾಗಿದೆ. ಫೋನು ಮಾತ್ರ ಇನ್ನೂ ಗೊರಗೊರ ಎನ್ನುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ದಸರೆಯಿಂದ ನೀವು ಆರೂ ಜನ ಮೊದಲೇ ಮಾತಾಡಿಕೊಂಡು ಸರಿಪಾಲಿನ ಮೇಲೆ ಅಂಗಡಿಗೆ ಮಾಡಿದ ಶಾವಿಗೆಯಲ್ಲಿ ನಿನ್ನ ಪಾಲಿನಿಂದ ಬಂದ ಮಷಿನ್ ಇದು. ಯಾರ ಮುಯ್ಯಿಯನ್ನೂ ಮಾರದೆ ತಂದದ್ದು. ನಾನು ಬೇಡ ಎಂದದ್ದು ತಪ್ಪು. ಮೊಮ್ಮಗಳು ನಿದ್ದೆಗಣ್ಣಿನಲ್ಲಿ ಆಯಿ ಎಂದು ಕರೆಯುವುದು ಕೇಳುತ್ತದೆ.

ನಿನಗೆ ಸುಳ್ಳು ಬರೆಯುವುದಿಲ್ಲವೆಂದು ಆಣೆ ಮಾಡಿದ್ದೇನೆ, ಅದಕ್ಕೆ ಇದನ್ನೂ ಬರೆಯುತ್ತೇನೆ. ಮೊನ್ನೆ ಅಲ್ಲವ್ವನ ಮನೆಯಲ್ಲಿ ಸಂಡಿಗೆ ಹಾಕಿದರು. ನನ್ನನ್ನು ಕರೆಯಲಿಲ್ಲ. ಕಿವಿ ಬಂದದ್ದು ಅವರಿಗೆ ಗೊತ್ತಿದೆ, ಆದರೆ ಕರೆಯುವ ರೂಢಿ ತಪ್ಪಿಹೋಗಿದೆ. ಈಗ ಅವರ ನಗು ನಮ್ಮ ಅಡಿಗೆ ಮನೆಯವರೆಗೂ ಕೇಳುತ್ತದೆ. ಮೊದಲು ಕೇಳುತ್ತಿರಲಿಲ್ಲ, ಅದು ಬರೋಬರಿ ಇತ್ತು. ಮಷಿನ್ ತೆಗೆದಿಟ್ಟು ಮಲಗಿಬಿಟ್ಟೆ.

ಅವ್ವ


ಹುಕ್ಕೇರಿ
1 ಮಾರ್ಚ್ 2025

ಅವ್ವ,

ನಿನ್ನ ಪತ್ರವನ್ನು ಬಾಳವ್ವ ಕಾಕಿಗೆ ಓದಿ ಹೇಳಿದೆ. ಈ ಸಲ ನಾಚಿಕೆಪಡಲಿಲ್ಲ. ಆಕೆ ಕೇಳಿ ಮುಗಿಸಿ, ಎಲೆ ಅಡಿಕೆಯ ಚೀಲ ಬದಿಗಿಟ್ಟು ಹೀಗೆಂದಳು:

“ನಾವ ಒಬ್ಬೊಬ್ಬರ ನಿನ್ನ ಮನಿಗಿ ಬಂದಿದ್ವಿ. ನಮ್ಮ ಮನಿಗಿ ನೀವ ತಾಯಿ ಮಗಳು ಇಬ್ಬರೂ ಬಂದ್ರಿ. ನಿನ್ನ ಕೈಗೆ ನಮ್ಮ ಕೈ ಸರಿ ಹೋತು. ಕಾಶಕ್ಕನ ಕೈ ಹಂಗ ಉಳದೈತಿ. ಅದನ್ನ ತೀರಸಾಕ ಬ್ಯಾಡೇನು?”

“ಆಕಿ ಮನಿ ಮೂಡಲಗ್ಯಾಗ ಐತ್ರಿ ಕಾಕಿ” ಎಂದೆ.

“ಬಸ್ಸ ಹೋಗತಾವಿಲ್ಲೋ?”

ಬರುವ ಗುರುವಾರ ಎಲ್ಲರೂ ಬರುತ್ತೇವೆ. ಮಣೆ ನಾವೇ ತರುತ್ತೇವೆ. ಗೋದಿ ನೆನೆಸಿ, ಒಣಗಿಸಿ, ಬೀಸಿಸಿ ಇಡು. ಬೇಡವೆಂದು ಬರೆದರೂ ಪತ್ರ ಮುಟ್ಟುವಷ್ಟರಲ್ಲಿ ನಾವು ಬಸ್ಸಿನಲ್ಲಿರುತ್ತೇವೆ.

ದಾನಿ


ಮೂಡಲಗಿ
8 ಮಾರ್ಚ್ 2025

ದಾನಿ,

ಆರಾಮವಾಗಿ ಮುಟ್ಟಿದಿರಿ ಎಂದು ಈಶ್ವರ ಹೇಳಿದ. ಕಾಜಲ್‌ಳ ಮಣೆ ಬಸ್ಸಿನ ಬಾಗಿಲಿಗೆ ಸಿಕ್ಕಿ ಕಂಡಕ್ಟರನ ಸಂಗಡ ಜಗಳವಾಯಿತಂತೆ. ಅವಳೇ ಗೆದ್ದಿರಬೇಕು.

ಮೊನ್ನೆ ನೀವು ಆರು ಜನ ಮಣೆ ಹೊತ್ತುಕೊಂಡು ನಮ್ಮ ಓಣಿಗೆ ಬಂದಾಗ ಅಲ್ಲವ್ವ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನೀನು ಮುಂದೆ ಹೋದೆ, ನಿನಗೆ ಗೊತ್ತಿಲ್ಲ. ಬಾಳವ್ವನನ್ನು ತಡೆದು, “ಯಾರ ಮನಿಗ್ರಿ?” ಎಂದು ಕೇಳಿದಳು. “ಕಾಶಕ್ಕನ ಮನಿಗ್ರಿ. ಆಕಿ ಮುಯ್ಯಿ ನಮ್ಮ ಮ್ಯಾಲ ಐತ್ರಿ, ಹುಕ್ಕೇರ್ಯಾಗಿಂದ ಬಂದೇವಿ” ಎಂದಳು ಬಾಳವ್ವ. ಬಾಗಿಲ ಒಳಗೆ ನಿಂತು ನಾನು ಒಂದೊಂದು ಮಾತನ್ನೂ ಕೇಳಿದೆ.

ಮಧ್ಯಾಹ್ನ ಅಲ್ಲವ್ವ ಹಿತ್ತಲ ಬಾಗಿಲಿನಿಂದ ಬಂದದ್ದನ್ನು ನೀನೂ ನೋಡಿದೆ. ಸೀದಾ ನನ್ನ ಮಣೆಯ ಕೆಳಗೆ ಕುಳಿತು ಎಳೆ ಹಿಡಿಯತೊಡಗಿದಳು. ನಾನು ಹೊಸೆಯುತ್ತ ಹೋದೆ. ಸಂಜೆ ನೀವು ಬಸ್ಸಿಗೆ ಹೋದ ಮೇಲೂ ಕುಳಿತೇ ಇದ್ದಳು, ಕೋಲುಗಳನ್ನು ಒಳಗಿಟ್ಟಳು, ಮಾಳಿಗೆ ಗುಡಿಸಿದಳು. ಹೋಗುವಾಗ, “ಕಾಶಕ್ಕ, ಈಗ ನನ್ನ ಮುಯ್ಯಿ ನಿನ್ನ ಮ್ಯಾಲ ಆತ ನೋಡ. ನಾಡದ ನಮ್ಮ ಶಾವಿಗಿ” ಎಂದಳು. ಒದರಲಿಲ್ಲ, ಎಲ್ಲರಿಗೂ ಹೇಳುವ ಹಾಗೆ ಹೇಳಿದಳು.

ಆ ನಾಡದು ಎಂದರೆ ಇವತ್ತೇ. ಕಣಕ ನಾದುವುದಕ್ಕೆ ಬೆಳಿಗ್ಗೆಯಿಂದ ನನ್ನ ದಾರಿ ಕಾಯುತ್ತಿದ್ದಾರೆ. ಈಗಷ್ಟೇ ಹೊರಗಿನಿಂದ ಕೂಗಿದಳು, ನಾನು ಓ ಎಂದೆ. ಉಳಿದದ್ದನ್ನು ಪುರುಸೊತ್ತಾದಾಗ ಬರೆಯುತ್ತೇನೆ, ಇವತ್ತು ನಾನು ಹೋಗಲೇಬೇಕು.

ಅವ್ವ